‘ನಾಟಕ ಮಾಡ್ತಾಳ’ ಅನ್ನೋ ಮುಂಚೆ: ಒಂದು ಕಾಯಿಲೆಯ ಹೆಸರಿನ ಕಥೆ

ನಾನು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯವನು. ಇವತ್ತು ಹೇಳೋದು ಒಂದು ಹೆಸರಿನ ಇತಿಹಾಸ: ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಚಿಕ್ಕದಾಗಿ ಬಿಪಿಡಿ.

ನಮ್ಮ ಸಂಬಂಧಿಕರಲ್ಲಿ ಒಬ್ಬ ಅಕ್ಕ ಇದ್ದಾಳೆ. ಬೆಳಿಗ್ಗೆ ನಗ್ತಾ ಇದ್ದವಳು, ಬೇಕಾದವರು ಫೋನ್ ಎತ್ತಲಿಲ್ಲ ಅಂದ್ರೆ ಸಾಕು, ಸಂಜೆಗೆ ಪೂರ್ತಿ ಕುಸಿದುಬಿಡ್ತಿದ್ದಳು. ಒಮ್ಮೆ ಕೈಗೆ ಗಾಯ ಮಾಡಿಕೊಂಡಳು. ಮನೆಯವರು “ಸೊಕ್ಕು” ಅಂದರು. ಓಣಿಯವರು “ಗಾಳಿ ಸೋಕ್ಯಾದ” ಅಂದರು. ಪಟ್ಟಿ ಕಟ್ಟಿದ ಡಾಕ್ಟರು, “ನಾಟಕ ಮಾಡ್ತಾಳ, ಎಲ್ಲಾರೂ ನೋಡ್ಲಿ ಅಂತ” ಅಂದರು. ನಾನೂ ಹೌದು ಅಂತ ತಲೆ ಆಡಿಸಿದೆ. ಅದು ಇವತ್ತಿಗೂ ನನ್ನನ್ನ ಚುಚ್ಚುತ್ತದೆ.

ನಮ್ಮ ಕಡೆ ಗಡಿ ಅಂದ್ರೆ ಮಹಾರಾಷ್ಟ್ರ. ಈ ಕಾಯಿಲೆಯ ಹೆಸರಲ್ಲಿರೋ ಗಡಿ ಬೇರೆ. ಹಿಂದಿನ ವೈದ್ಯರು ಮನಸ್ಸಿನ ಕಾಯಿಲೆಗಳನ್ನು ಎರಡು ಪಾಲು ಮಾಡಿದ್ದರು. ವಾಸ್ತವದ ಅರಿವಿದ್ದೂ ಭಯ, ಚಿಂತೆಯಲ್ಲಿ ನರಳುವುದು ನ್ಯೂರೋಸಿಸ್. ವಾಸ್ತವದ ಹಿಡಿತವೇ ತಪ್ಪುವುದು ಸೈಕೋಸಿಸ್. 1938ರಲ್ಲಿ ಅಮೆರಿಕದ ಅಡಾಲ್ಫ್ ಸ್ಟರ್ನ್, ಎರಡಕ್ಕೂ ಸರಿಯಾಗಿ ಹೊಂದದ, ಆಗಿನ ಚಿಕಿತ್ಸೆಗೆ ಬಗ್ಗದ ರೋಗಿಗಳನ್ನು ‘ಗಡಿಯ ಗುಂಪು’ ಎಂದು ಕರೆದರು. ನೋಡಿ, ಸೋತದ್ದು ಚಿಕಿತ್ಸೆ. ‘ಕಷ್ಟದ ರೋಗಿ’ ಅನ್ನೋ ಹಣೆಪಟ್ಟಿ ಬಿದ್ದದ್ದು ರೋಗಿಗೆ! 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-3 ಇದನ್ನು ಅಧಿಕೃತ ಕಾಯಿಲೆಯಾಗಿ ಸೇರಿಸಿತು. ಹಣೆಪಟ್ಟಿ ಮಾತ್ರ ಅಳಿಸಲಿಲ್ಲ.

ಅದನ್ನು ಅಲುಗಾಡಿಸಿದವರು ಮಾರ್ಷಾ ಲಿನೆಹನ್. 1961ರಲ್ಲಿ, 17ನೇ ವಯಸ್ಸಿಗೆ, ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದ ಈಕೆ ಮಾನಸಿಕ ಆಸ್ಪತ್ರೆ ಸೇರಿದ್ದರು. ಮುಂದೆ ತಾವೇ ಮನಶ್ಶಾಸ್ತ್ರಜ್ಞೆಯಾಗಿ ಡಿಬಿಟಿ ಎಂಬ ಮಾತಿನ ಚಿಕಿತ್ಸೆ ರೂಪಿಸಿದರು. 1993ರಲ್ಲಿ ಅದರ ಪುಸ್ತಕ ಬಂತು. ‘ನಿನ್ನ ನೋವು ನಿಜ’ ಅಂತ ಮೊದಲು ಒಪ್ಪಿಕೊಳ್ಳಬೇಕು, ಆಮೇಲೆ ಆ ನೋವನ್ನು ತಡೆದುಕೊಳ್ಳೋ ಅಭ್ಯಾಸ ಕಲಿಸಬೇಕು. ಇದು ಅದರ ತಿರುಳು. ತಮ್ಮ ಕಥೆಯನ್ನು ಅವರು ಬಹಿರಂಗವಾಗಿ ಹೇಳಿದ್ದು 2011ರಲ್ಲಿ. ಅಷ್ಟು ದೊಡ್ಡವರಿಗೇ ಬಾಯಿ ಬಿಡೋಕೆ ಅಷ್ಟು ವರ್ಷ ಬೇಕಾಯ್ತು ಅಂದ್ರೆ, ನಮ್ಮೂರಿನ ಹುಡುಗಿಯ ಗತಿ?

ವಾಸಿಯಾಗಲ್ಲ ಅನ್ನೋದೂ ಸುಳ್ಳು. ಅಮೆರಿಕದಲ್ಲಿ 290 ರೋಗಿಗಳನ್ನು 10 ವರ್ಷ ಗಮನಿಸಿದಾಗ, ಶೇ 93 ಮಂದಿಯಲ್ಲಿ ಲಕ್ಷಣಗಳು ಕನಿಷ್ಠ ಎರಡು ವರ್ಷ ತಗ್ಗಿದ್ದವು. ಕೆಲಸ, ಸಂಬಂಧಗಳೂ ಸೇರಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು.

ಇನ್ನು ನಮ್ಮ ನಾಡು. ಧಾರವಾಡದ ಮಾನಸಿಕ ಆಸ್ಪತ್ರೆ ಶುರುವಾದದ್ದು 1845ರಲ್ಲಿ. ಆದರೆ ಕನ್ನೊಳ್ಳಿಯಿಂದ ಅಲ್ಲಿಗೆ ಹೋಗಿಬರೋದಂದ್ರೆ ಕೂಲಿಯೂ ಹೋಯ್ತು, ಗುಟ್ಟೂ ಹೋಯ್ತು. ಆ ದೂರ ಕಡಿಮೆ ಮಾಡಲು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಮನಸ್ಸಿನ ಚಿಕಿತ್ಸೆ ತಂದಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರಿಂದ ಟೆಲಿ ಮಾನಸ್ ಇದೆ: 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ, ದುಡ್ಡಿಲ್ಲ.

ಹೋದ ವಾರ ಅಕ್ಕನ ಹತ್ರ ಕೂತು, “ಅವತ್ತು ನಾನು ತಲೆ ಆಡಿಸಬಾರದಿತ್ತು” ಅಂದೆ. ಆಕಿ ಸುಮ್ಮನಿದ್ದಳು. ಆಮೇಲೆ ಅಂದಳು: “ನೋವಾಗ್ತದೇನು ಅಂತ ಒಬ್ಬರಾದ್ರೂ ಕೇಳಬೇಕಿತ್ತು, ತಮ್ಮಾ.”

ನಿಮ್ಮ ಮನೆಯಲ್ಲೂ ಅಂಥವರು ಇದ್ದರೆ ಮೊದಲು ಅದನ್ನು ಕೇಳಿ. ಮುಂದಿನ ವಾರ ಸಿಗೋಣ.