ಗಂಬೂಟಿನ ಪೂರ್ವೋತ್ತರ

ಮಲೆನಾಡಿನ ನನ್ನ ಬಾಲ್ಯದ ಮನೆಯಲ್ಲಿ ಗಂಬೂಟು ಇರಲಿಲ್ಲ. ನಾಟಿಯ ದಿನಗಳಲ್ಲಿ ಸಂಜೆ ಗದ್ದೆಯಿಂದ ಬಂದ ಅಜ್ಜನ ಕಾಲ್ಬೆರಳ ಸಂದಿಗಳು ಬೆಳ್ಳಗೆ ಬೆಂದಂತಾಗಿ ಬಿರಿದಿರುತ್ತಿದ್ದವು. ಅಜ್ಜಿ ಅರಿಸಿನ ಬೆರೆಸಿದ ಎಣ್ಣೆ ಕಾಸಿ ಹಚ್ಚುತ್ತಿದ್ದಳು. ಗಂಬೂಟನ್ನು ನಾನು ಮೊದಲು ಕಂಡದ್ದು ನೆರೆಯ ಕಾಫಿ ತೋಟದ ಸಾಹುಕಾರರ ಕಾಲಿನಲ್ಲಿ. ಇಂಗ್ಲೆಂಡಿನಲ್ಲಿ ಅದಕ್ಕೆ ‘ವೆಲಿಂಗ್ಟನ್’ ಎಂಬ ಹೆಸರುಂಟೆಂದು ತಿಳಿದದ್ದು ಬಹಳ ತಡವಾಗಿ. ಈ ಹೊತ್ತು ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆನಿಸಿರುವುದಕ್ಕೆ ಕಾರಣ, ಈ ವೆಲಿಂಗ್ಟನ್ ನಮಗೆ ಅಪರಿಚಿತನಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತಕ್ಕೆ ನಿಂತು, ಟಿಪ್ಪುವಿನ ದರಿಯಾ ದೌಲತ್ತಿನಲ್ಲಿ ವಾಸ ಮಾಡಿದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದವನು. ಅದಕ್ಕೆ ಒಂದು ತಿಂಗಳ ಹಿಂದೆ, ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆಯ ತೋಪಿನಲ್ಲಿ ಅವನು ದಾರಿ ಕಾಣದೆ, ಕಾಲುವೆಗಳ ನಡುವೆ ತಡವರಿಸಿ, ಮೊಣಕಾಲಿಗೆ ಗುಂಡಿನ ಪೆಟ್ಟು ತಿಂದು ಹಿಂದಿರುಗಿದ್ದ. ಹೆಸರಾದ ಬೂಟು ಹುಟ್ಟಿದ್ದು ಮಾತ್ರ ಆ ಕೆಸರಿನಿಂದಲ್ಲ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಹೋಬಿ ಎಂಬ ಬೂಟು ಹೊಲಿಯುವವನಿಗೆ ಅವನು ಅಪ್ಪಣೆ ಮಾಡಿದ. ಅಂದಿನ ಹೆಸ್ಸಿಯನ್ ಬೂಟಿನ ಮೇಲಂಚಿನ ಕುಚ್ಚು ಹೋಯಿತು, ಹಿಮ್ಮಡಿ ತಗ್ಗಿತು, ಕರುವಿನ ಮೆದು ಚರ್ಮ ಕಾಲಿಗೆ ಅಂಟಿ ಕೂತಿತು. ಅದು ಕುದುರೆಯೇರುವ ದೊರೆಗಳ ಬೂಟು. ಗದ್ದೆಗಿಳಿದರೆ ನೀರು ಕುಡಿದು ಭಾರವಾಗುವಂಥದು.

ಕೆಸರಿಗೆ ಬೇಕಾದದ್ದು ರಬ್ಬರು. ಹಸಿ ರಬ್ಬರು ಬಿಸಿಲಿಗೆ ಕರಗುತ್ತಿತ್ತು, ಚಳಿಗೆ ಬಿರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಅದನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ಬಗೆ ಕಂಡುಕೊಂಡ. ಹೈರಮ್ ಹಚಿನ್ಸನ್ 1853ರಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆ ತೆರೆದು, ಮರದ ಮೆಟ್ಟು ಮೆಟ್ಟುತ್ತಿದ್ದ ರೈತರಿಗೆ ರಬ್ಬರಿನ ಬೂಟು ಮಾರಿದ. ಗುಡ್‌ಇಯರ್ ಮಾತ್ರ 1860ರಲ್ಲಿ ಸಾಲಗಾರನಾಗಿಯೇ ತೀರಿಕೊಂಡ. (ಅವನ ಹೆಸರಿನ ಟೈರು ಕಂಪನಿ 1898ರದು, ಅದು ಅವನ ಸ್ವತ್ತಲ್ಲ.)

ಆಮೇಲೆ 1914 ಬಂತು. ಫ್ಲಾಂಡರ್ಸಿನ ಕಂದಕಗಳಲ್ಲಿ ದಿನಗಟ್ಟಲೆ ತಣ್ಣೀರಿನಲ್ಲಿ ನಿಂತ ಸಿಪಾಯಿಗಳ ಪಾದಗಳು ಊದಿ ಕೊಳೆತವು. ಆ ಮೊದಲ ಚಳಿಗಾಲ ಅಲ್ಲಿ ನಿಂತವರಲ್ಲಿ ನಮ್ಮ ದೇಶದ ಪದಾತಿಗಳೂ ಇದ್ದರೆಂಬುದನ್ನು ಬೂಟಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಬ್ರಿಟಿಷ್ ಯುದ್ಧ ಇಲಾಖೆ ಎಡಿನ್‌ಬರೊ ನಗರದ ನಾರ್ತ್ ಬ್ರಿಟಿಷ್ ರಬ್ಬರ್ ಕಂಪನಿಯಿಂದ 11 ಲಕ್ಷಕ್ಕೂ ಮಿಕ್ಕಿ ಜೊತೆ ಬೂಟು ಮಾಡಿಸಿತು. ಅದೂ ಸಾಲದೆ ಸಿಪಾಯಿಗಳು ಕಾಲಿಗೆ ತಿಮಿಂಗಿಲದ ಎಣ್ಣೆ ತಿಕ್ಕಿಕೊಳ್ಳಬೇಕೆಂದು ಕಟ್ಟಳೆಯಾಯಿತು. ಅದನ್ನೋದಿದಾಗ ನನಗೆ ಅಜ್ಜಿಯ ಎಣ್ಣೆಬಟ್ಟಲು ನೆನಪಾಯಿತು.

ಈಗ ನಮ್ಮ ಪೇಟೆಯ ಅಂಗಡಿಗಳಲ್ಲೂ ಗಂಬೂಟು ತೂಗುತ್ತದೆ. ತೋಟಕ್ಕೆ, ಇಂಬಳದ ಕಾಟಕ್ಕೆ ಅದು ಸರಿಯೆ. ಆಳದ ಗದ್ದೆಯಲ್ಲಿ ಕೆಸರು ಬೂಟನ್ನು ಹಿಡಿದುಕೊಳ್ಳುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ಕಳೆದ ಮಳೆಗಾಲ ಊರಿಗೆ ಹೋಗಿದ್ದಾಗ ಸಸಿ ನೆಡುತ್ತಿದ್ದ ಹೆಂಗಸರೆಲ್ಲ ಬರಿಗಾಲಿನಲ್ಲಿದ್ದರು.