ಮಿತವ್ಯಯದಲ್ಲಿ ಸಾವಯವ ಆಹಾರ ಖರೀದಿ: ಗ್ರಾಹಕರಿಗೆ ಮಾಹಿತಿ

ಇಂಡಿ ತಾಲ್ಲೂಕಿನ ಸಾಲೋಟಗಿಯಂತಹ ಗ್ರಾಮಗಳಲ್ಲಿ ಮಿತ ಆದಾಯದ ಕುಟುಂಬಗಳು ಸಾವಯವ ಖರೀದಿಯಲ್ಲಿ ನಿತ್ಯದ ರೊಟ್ಟಿಗೆ ಬೇಕಾಗುವ ಬಿಳಿಜೋಳಕ್ಕೆ ಮೊದಲ ಆದ್ಯತೆ ನೀಡುವುದು ಸೂಕ್ತ. ಹಿಂಗಾರು ಜೋಳವು ಫೆಬ್ರುವರಿ-ಮಾರ್ಚ್ ವೇಳೆಗೆ ಕಟಾವಾಗುತ್ತದೆ. ಆಗ ರೈತರಿಂದ ನೇರವಾಗಿ ಕೊಂಡಲ್ಲಿ ಪೊಟ್ಟಣ, ಸಾಗಣೆ ಹಾಗೂ ಮಧ್ಯವರ್ತಿಗಳ ವೆಚ್ಚ ಉಳಿಯುವುದು. ಒಮ್ಮೆಗೇ ಹಣ ಹೊಂದಿಸಲು ಕಷ್ಟವಾದಲ್ಲಿ ಎರಡು-ಮೂರು ಮನೆಯವರು ಕೂಡಿ ಒಂದು ಕ್ವಿಂಟಾಲ್ ಕೊಂಡು ಹಂಚಿಕೊಳ್ಳಬಹುದು. ಚೆನ್ನಾಗಿ ಒಣಗಿಸದೆ ಶೇಖರಿಸಿದ ಕಾಳಿಗೆ ನುಸಿ ಹತ್ತಿದರೆ ಉಳಿಸಿದ ಹಣವೂ ಹೋದಂತೆಯೇ.

2017ರ ಸಾವಯವ ಆಹಾರ ನಿಯಮಾವಳಿಯು ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಉತ್ಪಾದಕರಿಗೆ ಪ್ರಮಾಣೀಕರಣದಿಂದ ವಿನಾಯಿತಿ ನೀಡಿದೆ. ಆದಕಾರಣ ಹೊಲಕ್ಕೆ ಬಳಸಿದ ಗೊಬ್ಬರ, ಕೀಟನಾಶಕಗಳ ಬಗ್ಗೆ ಬಿತ್ತನೆಯ ಕಾಲದಲ್ಲಿಯೇ ವಿಚಾರಿಸತಕ್ಕದ್ದು. ಅಂಗಡಿಯ ಪೊಟ್ಟಣಗಳ ಮೇಲೆ ‘ಜೈವಿಕ್ ಭಾರತ್’ ಚಿಹ್ನೆಯನ್ನು ಗಮನಿಸಬೇಕು. ‘ನೈಸರ್ಗಿಕ’ ಎಂಬ ಬರಹವು ಪ್ರಮಾಣಪತ್ರವಲ್ಲ. ‘ಪಿಜಿಎಸ್-ಗ್ರೀನ್’ ಎಂಬುದು ಸಾವಯವಕ್ಕೆ ಪರಿವರ್ತನೆಯಾಗುತ್ತಿರುವ ಜಮೀನಿನ ಉತ್ಪನ್ನವಾಗಿದ್ದು, ಅದಕ್ಕೆ ಪೂರ್ಣ ಸಾವಯವದ ದರ ತೆರಬೇಕಾಗಿಲ್ಲ.