ಶೇಖರಿಸಿದ ರಕ್ತ: ಸಕ್ಕರೆ, ಹುಳಿ ಮತ್ತು ಗಡುವು

ದಾನಿಯ ರಕ್ತವನ್ನು ಕಾಪಿಡುವ ವಿದ್ಯೆಯ ಚರಿತ್ರೆಯನ್ನು ಮಹಾಯುದ್ಧಗಳೊಂದಿಗೆ ಸೇರಿಸಿ ಹೇಳುವುದು ವಾಡಿಕೆ. ಆದರೆ ಅದರ ಮುಖ್ಯ ತಿರುವುಗಳಲ್ಲಿ ಕೆಲವು, ಬೇರೆಯೇ ತೊಡಕನ್ನು ಬಗೆಹರಿಸಲು ಹೊರಟವರಿಗೆ ಅನಾಯಾಸವಾಗಿ ಒದಗಿಬಂದವು.

1914ರಲ್ಲಿ ಬ್ರಸೆಲ್ಸ್ ಮತ್ತು ಬ್ಯೂನಸ್ ಐರಿಸ್‌ನ ವೈದ್ಯರು ಸೋಡಿಯಂ ಸಿಟ್ರೇಟ್ ಬೆರೆಸಿದ ರಕ್ತವನ್ನು ರೋಗಿಗಳಿಗೆ ಕೊಟ್ಟರು. ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಸಿಟ್ರೇಟ್ ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ದ್ರವವಾಗಿಯೇ ಉಳಿಯುತ್ತದೆ, ಆದರೆ ಅಷ್ಟರಿಂದಲೇ ಕಣಗಳು ಬಹುಕಾಲ ಬದುಕುವುದಿಲ್ಲ. ಕೆಂಪು ರಕ್ತಕಣಕ್ಕೆ ಇರುವ ಆಧಾರವೆಂದರೆ ಗ್ಲೂಕೋಸನ್ನು ಒಡೆದು ತಾನು ತಯಾರಿಸಿಕೊಳ್ಳುವ ಎಟಿಪಿ ಎಂಬ ಶಕ್ತಿವಾಹಕ ಅಣು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಮತ್ತು ಜೋಸೆಫ್ ಟರ್ನರ್ 1916ರಲ್ಲಿ ಸಿಟ್ರೇಟಿನ ಜೊತೆಗೆ ಗ್ಲೂಕೋಸನ್ನೂ ಸೇರಿಸಿ, ತಣ್ಣಗಿಟ್ಟ ಕಣಗಳನ್ನು ವಾರಗಟ್ಟಲೆ ಉಳಿಸಬಹುದೆಂದು ತೋರಿಸಿದರು. ಮರುವರ್ಷವೇ ಫ್ರಾನ್ಸಿನ ರಣರಂಗದಲ್ಲಿ ಅಮೆರಿಕದ ಸೇನಾವೈದ್ಯ ಆಸ್ವಾಲ್ಡ್ ರಾಬರ್ಟ್‌ಸನ್ ಈ ದ್ರಾವಣ ಬೆರೆಸಿದ ರಕ್ತವನ್ನು ಮದ್ದುಗುಂಡಿನ ಪೆಟ್ಟಿಗೆಗಳಿಂದ ಮಾಡಿದ ಮಂಜುಪೆಟ್ಟಿಗೆಯಲ್ಲಿಟ್ಟು ಗಾಯಾಳುಗಳಿಗೆ ಬಳಸಿದ.

ಆದರೆ ಆ ಪಾಕದಲ್ಲಿ ಮೂರು ಪಾಲು ರಕ್ತಕ್ಕೆ ಏಳು ಪಾಲು ದ್ರಾವಣ ಬೇಕಾಗುತ್ತಿತ್ತು. ಅಲ್ಲದೆ ಸಿಟ್ರೇಟನ್ನೂ ಗ್ಲೂಕೋಸನ್ನೂ ಒಂದೇ ಬಾಟಲಿಯಲ್ಲಿ ಆವಿಯ ಒತ್ತಡದಲ್ಲಿ ಕಾಯಿಸಿ ರೋಗಾಣುಮುಕ್ತಗೊಳಿಸಲು ಹೋದರೆ ಸಕ್ಕರೆ ಸೀದು ಕಂದುಬಣ್ಣಕ್ಕೆ ತಿರುಗುತ್ತಿತ್ತು. ಬೇರೆಬೇರೆಯಾಗಿ ಕಾಯಿಸಿ ಅನಂತರ ಬೆರೆಸಿದರೆ ಆ ಹೊತ್ತಿನಲ್ಲಿ ರೋಗಾಣು ಹೊಕ್ಕುವ ಭಯವಿತ್ತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನಿನ ಜಾನ್ ಲೌಟಿಟ್ ಮತ್ತು ಪ್ಯಾಟ್ರಿಕ್ ಮಾಲಿಸನ್ ದ್ರಾವಣಕ್ಕೆ ಹುಳಿಯ ಗುಣ ತಂದದ್ದು ಈ ಕಂದುಗಟ್ಟುವಿಕೆಯನ್ನು ತಪ್ಪಿಸುವುದಕ್ಕೆ. ಸಕ್ಕರೆ ಸೀಯದೆ ಉಳಿಯಿತು. ಅದರೊಂದಿಗೆ ಕಣಗಳೂ ಹೆಚ್ಚು ಕಾಲ ಬಾಳುವುದು ಕಂಡುಬಂದಿತು. ಎಸಿಡಿ ಎಂದು ಹೆಸರಾದ ಈ ದ್ರಾವಣ ಅಲ್ಪ ಪ್ರಮಾಣದಲ್ಲೇ ಸಾಲುತ್ತಿದ್ದುದರಿಂದ 21 ದಿನಗಳ ಗಡುವಿನೊಡನೆ ಜಗತ್ತಿನ ರಕ್ತನಿಧಿಗಳನ್ನು ದಶಕಗಟ್ಟಲೆ ಆಳಿತು.

ಕಣಗಳು ಬಾಳಿದವೆಂದು ತಿಳಿಯುತ್ತಿದ್ದುದು ವಿನಿಫ್ರೆಡ್ ಆಶ್ಬಿ 1919ರಲ್ಲಿ ವಿವರಿಸಿದ ವಿಧಾನದಿಂದ. ‘ಎ’ ಗುಂಪಿನ ರೋಗಿಗೆ ‘ಒ’ ಗುಂಪಿನ ರಕ್ತ ಕೊಟ್ಟು, ಬಳಿಕ ಅವನ ರಕ್ತದ ಹನಿಗೆ ‘ಎ’ ಕಣಗಳನ್ನು ಗಂಟುಕಟ್ಟಿಸುವ ಸೀರಂ ಸೇರಿಸಿದರೆ, ಗಂಟುಕಟ್ಟದೆ ಬಿಡಿಯಾಗಿ ಉಳಿದವೇ ದಾನಿಯ ಕಣಗಳು. ಅವನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಎಣಿಸಬೇಕಿತ್ತು. ಇಂದಿನ ಗಡುವಿನ ಹಿಂದೆಯೂ ಇದೇ ತರ್ಕವಿದೆ: ರೋಗಿಗೆ ಕೊಟ್ಟ 24 ಗಂಟೆಗಳ ನಂತರ ಕಣಗಳಲ್ಲಿ ಸರಾಸರಿ ಕನಿಷ್ಠ ಶೇ. 75ರಷ್ಟು ಅವನ ಮೈಯಲ್ಲಿ ಸಂಚರಿಸುತ್ತಿರಬೇಕು. ಚೀಲದ ಮೇಲಿನ ದಿನಾಂಕ ರಕ್ತ ಹಳಸುವ ದಿನವೆಂಬ ಜನಜನಿತ ಕಲ್ಪನೆ ಆದ್ದರಿಂದ ಪೂರ್ತಿ ಸರಿಯಲ್ಲ.

ಬದುಕಿದ ಕಣ ತನ್ನ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ತಡವಾಗಿ ಎದ್ದಿತು. ಎಸಿಡಿಯಲ್ಲಿಟ್ಟ ಕಣಗಳು ಆಮ್ಲಜನಕವನ್ನು ಹಿಡಿದುಕೊಳ್ಳುತ್ತವೆ, ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂದು 1954ರಲ್ಲಿ ವ್ಯಾಲ್ಟಿಸ್ ಮತ್ತು ಕೆನೆಡಿ ತೋರಿಸಿದರು. ಆಮ್ಲಜನಕವನ್ನು ಸಡಿಲಿಸುವ ಡಿಪಿಜಿ ಎಂಬ ಪದಾರ್ಥವು ಶೇಖರಣೆಯಲ್ಲಿ ಕರಗಿಹೋಗುತ್ತದೆಂಬ ಕಾರಣ 1960ರ ದಶಕದಲ್ಲಿ ತಿಳಿಯಿತು. ಅದನ್ನು ಬೇಗ ಕರಗಿಸುತ್ತಿದ್ದುದು, ವಿಪರ್ಯಾಸವೆಂಬಂತೆ, ಅದೇ ಹುಳಿ. ಹುಳಿ ತಗ್ಗಿಸಿ ಫಾಸ್ಫೇಟ್ ಸೇರಿಸಿದ, ಅನಂತರ ಎಟಿಪಿಯ ಕಚ್ಚಾಸಾಮಗ್ರಿಯಾದ ಅಡೆನಿನ್ ಬೆರೆಸಿದ ದ್ರಾವಣಗಳು ಗಡುವನ್ನು 35 ದಿನಗಳಿಗೆ, ಪ್ಲಾಸ್ಮಾ ತೆಗೆದ ಕಣಗಳಿಗೆ ಪ್ರತ್ಯೇಕವಾಗಿ ಸೇರಿಸುವ ಪೋಷಕ ದ್ರಾವಣಗಳು 42 ದಿನಗಳಿಗೆ ಒಯ್ದವು. ಕರ್ನಾಟಕದ ರಕ್ತನಿಧಿಗಳಲ್ಲೂ ಈಗ ನಡೆಯುವುದು ಇವೇ ಅವಧಿಗಳು.

ಗಾಜಿನ ಬಾಟಲಿಯ ಬದಲು ಪ್ಲಾಸ್ಟಿಕ್ ಚೀಲ ಬಂದದ್ದು 1950ರ ಸುಮಾರಿಗೆ, ಬಾಸ್ಟನ್ನಿನ ಕಾರ್ಲ್ ವಾಲ್ಟರ್ ಅವರ ಪ್ರಯತ್ನದಿಂದ. ಅದು ಒಡೆಯುವುದಿಲ್ಲ, ಒಳಗೆ ಗಾಳಿ ನುಗ್ಗುವುದಿಲ್ಲ ಎಂಬುದೇ ಅದರ ಮೇಲ್ಮೆಯಾಗಿತ್ತು. ಬಳಿಕ ತಿಳಿದದ್ದೆಂದರೆ, ಗಡುಸಾದ ಪಿವಿಸಿಯನ್ನು ಮೆದುಗೊಳಿಸಲು ಬೆರೆಸುವ ಡಿಇಎಚ್‌ಪಿ ಎಂಬ ಥ್ಯಾಲೇಟ್ ಮೆಲ್ಲನೆ ರಕ್ತಕ್ಕೆ ಜಿನುಗಿ, ಕಣಗಳ ಪೊರೆಯಲ್ಲಿ ಸೇರಿಕೊಂಡು, ಅವು ಒಡೆಯುವುದನ್ನು ತಡೆಯುತ್ತದೆ. ವಿಷಗುಣದ ಶಂಕೆಯಿಂದ ಅದನ್ನು ಕೈಬಿಡಬೇಕೆಂಬ ಒತ್ತಾಯ ಯುರೋಪಿನಲ್ಲಿ ಬಲವಾಗಿದ್ದರೂ, ಬದಲಿ ಚೀಲಗಳ ತಯಾರಕರು ಯಾರೂ ಉದ್ದೇಶಿಸಿರದ ಆ ರಕ್ಷಣೆಯನ್ನೂ ಬೇರೆ ದಾರಿಯಿಂದ ಒದಗಿಸಬೇಕಾಗಿದೆ.